ದನಿ ಎಲ್ಲಿ ನಿಂತಿತು?

"ದನೀನ ಬರವಲ್ದ್ರಿ."

ಮನೆಯಲ್ಲೇ ಹಾಡು ರೆಕಾರ್ಡ್ ಮಾಡಲು ಹೊರಟವರ ಬಾಯಲ್ಲಿ ಮೊದಲು ಕೇಳಿಬರುವ ಮಾತು ಇದು. ಲ್ಯಾಪ್‌ಟಾಪ್ ಇದೆ, ಆನ್‌ಲೈನಿನಲ್ಲಿ ತರಿಸಿದ ಮೈಕ್ ಇದೆ, ಸಾಫ್ಟ್‌ವೇರ್ ಹಾಕಿಕೊಂಡಾಗಿದೆ. ಕೆಂಪು ಗುಂಡಿ ಒತ್ತಿ ಎರಡು ನುಡಿ ಹಾಡಿ ನೋಡಿದರೆ ಪರದೆಯ ಮೇಲೆ ಸಪಾಟಾದ ಒಂದು ಗೆರೆ ಮಾತ್ರ. ಅಥವಾ ದನಿ ಬಂದಿರುತ್ತದೆ, ಅದರ ಬೆನ್ನಿಗೆ ಗುಂಯ್ ಎಂಬ ಸದ್ದೂ ಬಂದಿರುತ್ತದೆ. ಇಲ್ಲವೇ ಹಾಡು ಒಂದು ಕಡೆ, ತಾಳ ಇನ್ನೊಂದು ಕಡೆ. ಅಲ್ಲಿಗೆ ಎಷ್ಟೋ ಜನ ಸಾಫ್ಟ್‌ವೇರನ್ನೇ ಬೈದು ಲ್ಯಾಪ್‌ಟಾಪ್ ಮುಚ್ಚಿಬಿಡುತ್ತಾರೆ.

ಬಾಗಲಕೋಟೆ ಜಿಲ್ಲೆಯ ಬೀಳಗಿ, ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಹೀಗೆ ಮುಚ್ಚಿಹೋಗುವ ಲ್ಯಾಪ್‌ಟಾಪುಗಳ ಜೊತೆ ಒಳ್ಳೆಯ ಹಾಡುಗಳೂ ಮುಚ್ಚಿಹೋಗುತ್ತವೆ. ಭಜನಾ ಪದ, ಡೊಳ್ಳಿನ ಪದ, ಗೀಗೀ ಪದ, ಮೊಹರಮ್ಮಿನ ರಿವಾಯತ್ ಪದ, ಶ್ರೀಕೃಷ್ಣ ಪಾರಿಜಾತದ ರಂಗಗೀತೆ ಎಲ್ಲಕ್ಕೂ ಇಲ್ಲಿ ಹಾಡುವವರಿದ್ದಾರೆ, ಕೇಳುವವರಿದ್ದಾರೆ. ಈಗ ಅದರ ಜೊತೆಗೆ ಯೂಟ್ಯೂಬಿನ ಜಾನಪದ ಹಾಡುಗಳ ಭರಾಟೆ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡು ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳಲ್ಲಿ ಕೇಳಿಬರುವುದು ಬಹುಮಟ್ಟಿಗೆ ಇವೇ. ಮಾಳು ನಿಪನಾಳ ಅವರ 'ನಾ ಡ್ರೈವರಾ' ರಾಜ್ಯವೆಲ್ಲ ಓಡಾಡಿದ ಮೇಲಂತೂ, ತನ್ನ ಹಾಡೂ ಹೊರಗೆ ಹೋಗಬಹುದು ಎಂಬ ನಂಬಿಕೆ ಹಳ್ಳಿಯ ಹುಡುಗರಲ್ಲಿ ಗಟ್ಟಿಯಾಗಿದೆ.

ಹಾಡು ಹೊರಗೆ ಹೋಗುವುದು ಈ ಸೀಮೆಗೆ ಹೊಸದಲ್ಲ. 'ಕನ್ನಡ ಕೋಗಿಲೆ' ಎಂದು ಹೆಸರಾದ ಅಮೀರಬಾಯಿ ಕರ್ನಾಟಕಿ ಹುಟ್ಟಿದ್ದು ಬೀಳಗಿಯಲ್ಲಿ. ಆಗ ಬೀಳಗಿ ಇದ್ದದ್ದು ಬಿಜಾಪುರ ಜಿಲ್ಲೆಯಲ್ಲಿ. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅಮೀರಬಾಯಿ ಮತ್ತು ಸೋದರಿ ಗೋಹರಬಾಯಿ ಇಬ್ಬರೂ ಮುಂಬಯಿಗೆ ಹೋಗಿ ಹಾಡಿ, ನಟಿಸಿ ಹೆಸರು ಮಾಡಿದರು. 1943ರ 'ಕಿಸ್ಮತ್' ಚಿತ್ರದ ಹಾಡುಗಳು ಅಮೀರಬಾಯಿಯ ದನಿಯನ್ನು ದೇಶದ ಮನೆಮನೆಗೆ ಮುಟ್ಟಿಸಿದವು. ಅವರ ಕಾಲದಲ್ಲಿ ದನಿ ಅಚ್ಚಾಗುತ್ತಿದ್ದದ್ದು ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯ ಮೇಲೆ. ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಮೂರು ನಿಮಿಷ, ಅಬ್ಬಬ್ಬಾ ಎಂದರೆ ಇನ್ನಷ್ಟು ಕ್ಷಣ. ಹಾಡುವವರು, ಬಾರಿಸುವವರು ಎಲ್ಲ ಒಟ್ಟಿಗೆ ನಿಂತು ಒಂದೇ ಉಸಿರಿಗೆ ಮುಗಿಸಬೇಕು. ನಡುವೆ ಎಲ್ಲಿ ತಪ್ಪಿದರೂ ಮೊದಲಿನಿಂದ ಶುರು.

ಇಂದು ಬೀಳಗಿಯ ಒಂದು ಕೋಣೆಯಲ್ಲಿ ಕೂತ ಹುಡುಗಿಯ ಕೈಯಲ್ಲಿ ಅಮೀರಬಾಯಿಗೆ ಸಿಗದಿದ್ದ ಅನುಕೂಲವೆಲ್ಲ ಇದೆ. ಆಡಾಸಿಟಿ ಎಂಬ ಸಾಫ್ಟ್‌ವೇರ್ 2000ದಿಂದಲೂ ಪುಕ್ಕಟೆಯಾಗಿ ಸಿಗುತ್ತಿದೆ. ಮೊಬೈಲಿನಲ್ಲೇ ಹಲವು ಪದರ ಹಾಡಿ ಕೂಡಿಸಲು ಬ್ಯಾಂಡ್‌ಲ್ಯಾಬ್ ಇದೆ. ಅಮೀರಬಾಯಿಗೆ ಇದ್ದು ಈ ಹುಡುಗಿಗೆ ಇಲ್ಲದ್ದು ಒಂದೇ: ಗಾಜಿನ ಆಚೆ ಕೂತು ತಂತಿ, ಗುಂಡಿ, ಮೀಟರು ನೋಡಿಕೊಳ್ಳುವ ರೆಕಾರ್ಡಿಂಗ್ ಎಂಜಿನಿಯರ್. ಮನೆಯಲ್ಲಿ ಹಾಡುವವಳೇ ಎಂಜಿನಿಯರ್. ಅಡಚಣೆ ಬಂದಾಗ ಎಂಜಿನಿಯರ್ ಹೇಗೆ ಯೋಚಿಸುತ್ತಾನೋ ಹಾಗೆ ಯೋಚಿಸುವುದನ್ನು ಕಲಿತರೆ ಮುಕ್ಕಾಲು ಪಾಲು ತೊಂದರೆ ಅಲ್ಲೇ ಕರಗುತ್ತದೆ.

ಆ ಯೋಚನೆ ಬಹಳ ಸರಳ. ಬಾಯಿಂದ ಹೊರಟ ದನಿ ಮೈಕಿಗೆ ಬರುತ್ತದೆ, ಮೈಕಿನಿಂದ ಕೇಬಲ್, ಕೇಬಲ್ಲಿನಿಂದ ಲ್ಯಾಪ್‌ಟಾಪಿನ ತೂತು ಅಥವಾ ಯುಎಸ್‌ಬಿ ಪೆಟ್ಟಿಗೆ, ಅಲ್ಲಿಂದ ವಿಂಡೋಸ್, ಆಮೇಲೆ ಸಾಫ್ಟ್‌ವೇರ್, ಅದರೊಳಗಿನ ಟ್ರ್ಯಾಕ್, ಕೊನೆಗೆ ಇಯರ್‌ಫೋನ್. ಕಾಲುವೆಯ ಕಟ್ಟಕಡೆಯ ಹೊಲಕ್ಕೆ ನೀರು ಬರದಿದ್ದರೆ ರೈತ ತೂಬಿನಿಂದ ನಡೆಯುತ್ತ ಬಂದು ನೀರು ಎಲ್ಲಿ ನಿಂತಿದೆ ಎಂದು ನೋಡುತ್ತಾನಲ್ಲ, ಇಲ್ಲಿಯೂ ಅದೇ ನಡಿಗೆ. ಒಂದೊಂದೇ ಹಂತ ನೋಡಬೇಕು, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಹೊಸಬರು ಮಾಡುವುದು ಇದರ ತದ್ವಿರುದ್ಧ. ಗಾಬರಿಯಲ್ಲಿ ಒಟ್ಟಿಗೆ ಹತ್ತು ಸೆಟ್ಟಿಂಗ್ ಬದಲಿಸುತ್ತಾರೆ. ಅದೃಷ್ಟಕ್ಕೆ ದನಿ ಬಂದರೂ ಯಾವುದರಿಂದ ಬಂತು ಎಂದು ತಿಳಿಯುವುದಿಲ್ಲ, ಮರುದಿನ ಮತ್ತೆ ಅದೇ ಗೋಳು.

ಸಪಾಟಾದ ಗೆರೆ ಬಂದಾಗ ಮೊದಲು ಮಾಡಬೇಕಾದ್ದು ಸಂಗೀತದ ಸಾಫ್ಟ್‌ವೇರನ್ನು ಪಕ್ಕಕ್ಕಿಟ್ಟು, ವಿಂಡೋಸಿನ ಜೊತೆಗೇ ಬರುವ ಸಾದಾ ಸೌಂಡ್ ರೆಕಾರ್ಡರಿನಲ್ಲಿ ನಾಲ್ಕು ಮಾತು ಆಡಿ ನೋಡುವುದು. ಅಲ್ಲಿ ದನಿ ಹಿಡಿದರೆ ಮೈಕ್, ಕೇಬಲ್, ಲ್ಯಾಪ್‌ಟಾಪ್ ಮೂರೂ ಸರಿ ಇವೆ. ಸಂಗೀತದ ಸಾಫ್ಟ್‌ವೇರಿನಲ್ಲಿ ಬಹುಮಟ್ಟಿಗೆ ಬೇರೆ ಮೈಕ್ ಆಯ್ಕೆಯಾಗಿದೆ ಎಂದು ಅರ್ಥ. ಅಲ್ಲಿಯೂ ಹಿಡಿಯದಿದ್ದರೆ ಸಾಫ್ಟ್‌ವೇರಿನದು ತಪ್ಪಿಲ್ಲ, ತೊಡಕು ಅದಕ್ಕಿಂತ ಮೊದಲೇ ಇದೆ. ವಿಂಡೋಸಿನ ಪ್ರೈವೆಸಿ ಸೆಟ್ಟಿಂಗಿನಲ್ಲಿ ಮೈಕ್ರೊಫೋನ್ ಬಳಸಲು ಅನುಮತಿ ಕೊಟ್ಟಿರದಿದ್ದರೆ ಎಷ್ಟು ಒಳ್ಳೆಯ ಮೈಕ್ ಹಾಕಿದರೂ ಬರುವುದು ಮೌನವೇ. ಎರಡೇ ನಿಮಿಷದ ಈ ಒಂದು ಪರೀಕ್ಷೆ ಹುಡುಕುವ ಜಾಗವನ್ನು ಅರ್ಧಕ್ಕೆ ಇಳಿಸುತ್ತದೆ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಚಿಕ್ಕದು, ಆದರೆ ಬೆಲೆಯುಳ್ಳದ್ದು. ದನಿ ಬರುತ್ತಿದೆ, ಆದರೆ ಬಾವಿಯೊಳಗಿಂದ ಬಂದಂತಿದೆ ಎಂದಿಟ್ಟುಕೊಳ್ಳಿ. ರೆಕಾರ್ಡಿಂಗ್ ಶುರು ಮಾಡಿ, ಹೊಸ ಮೈಕಿನ ಜಾಲರಿಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಬೇಕು. ಆಮೇಲೆ ಲ್ಯಾಪ್‌ಟಾಪಿನ ಪರದೆಯ ಮೇಲಂಚಿನಲ್ಲಿ ಕ್ಯಾಮೆರಾ ಪಕ್ಕದ ಸಣ್ಣ ತೂತಿನ ಹತ್ತಿರ ಕೆರೆಯಬೇಕು. ಯಾವುದನ್ನು ಕೆರೆದಾಗ ಪರದೆಯ ಮೇಲೆ ಗೆರೆ ಜಿಗಿಯಿತೋ ಅದೇ ಆಗ ದನಿ ಹಿಡಿಯುತ್ತಿರುವ ಮೈಕ್. ಸಾವಿರಾರು ರೂಪಾಯಿ ಕೊಟ್ಟು ತಂದ ಮೈಕ್ ಸುಮ್ಮನೆ ಎದುರಿಗೆ ನಿಂತಿದ್ದು, ಹಾಡನ್ನೆಲ್ಲ ಲ್ಯಾಪ್‌ಟಾಪಿನ ಒಳಮೈಕೇ ಹಿಡಿದಿರುವುದು ತೀರ ಸಾಮಾನ್ಯ.

ಮೈಕಿನ ಪಿನ್ನನ್ನೂ ಒಮ್ಮೆ ಕಣ್ಣಿಟ್ಟು ನೋಡಬೇಕು. ಈಗಿನ ಲ್ಯಾಪ್‌ಟಾಪುಗಳಲ್ಲಿ ಇಯರ್‌ಫೋನಿಗೂ ಮೈಕಿಗೂ ಸೇರಿ ಒಂದೇ ತೂತು. ಅದು ಬಯಸುವುದು ಮೂರು ಕಪ್ಪು ಉಂಗುರಗಳಿರುವ ಪಿನ್ನನ್ನು. ಹಲವು ಅಗ್ಗದ ಮೈಕುಗಳ ಪಿನ್ನಿಗೆ ಇರುವುದು ಎರಡೇ ಉಂಗುರ. ಅದನ್ನು ನೇರ ಸಿಕ್ಕಿಸಿದರೆ ಲ್ಯಾಪ್‌ಟಾಪ್ ಅದನ್ನು ಇಯರ್‌ಫೋನ್ ಎಂದೇ ತಿಳಿಯುತ್ತದೆ. ಸ್ಟುಡಿಯೋ ಮಾದರಿಯ ಕಂಡೆನ್ಸರ್ ಮೈಕಿನ ಕಥೆ ಬೇರೆ. ಅದಕ್ಕೆ ಕೇಬಲ್ ಮೂಲಕವೇ 48 ವೋಲ್ಟ್ ವಿದ್ಯುತ್ ಹೋಗಬೇಕು. ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಎಂಬ ಪೆಟ್ಟಿಗೆಯ ಮೇಲೆ '48ವಿ' ಎಂದು ಬರೆದ ಗುಂಡಿ ಇರುವುದು ಅದಕ್ಕೇ. ಅದನ್ನು ಒತ್ತದೆ ಮೈಕ್ ಸತ್ತಿದೆ ಎಂದು ವಾಪಸ್ ಕಳಿಸುವವರುಂಟು.

ಅದೇ ಪೆಟ್ಟಿಗೆ ಕೊಡುವ ಇನ್ನೊಂದು ತಲೆನೋವು, ದನಿ ಎಡಗಿವಿಯಲ್ಲಿ ಮಾತ್ರ ಕೇಳುವುದು. ಇಯರ್‌ಫೋನ್ ಕೆಟ್ಟಿರುವುದಿಲ್ಲ. ಒಂದನೇ ತೂತಿಗೆ ಸಿಕ್ಕಿಸಿದ ಒಂದೇ ಮೈಕಿನ ದನಿಯನ್ನು ಸ್ಟೀರಿಯೊ ಟ್ರ್ಯಾಕಿನಲ್ಲಿ ಹಿಡಿದಿರುತ್ತಾರೆ. ಎಡಕ್ಕೆ ದನಿ ಬರುತ್ತದೆ, ಬಲಕ್ಕೆ ಏನೂ ಇಲ್ಲ. ಟ್ರ್ಯಾಕನ್ನು ಮೊನೊ ಮಾಡಿದರೆ ಮುಗಿಯಿತು. ಹಾಡುವಾಗ ತಮ್ಮದೇ ದನಿ ಎರಡೆರಡು ಸಲ ಕೇಳಿದರೆ, ಪೆಟ್ಟಿಗೆಯಿಂದ ನೇರವಾಗಿ ಒಮ್ಮೆ, ಸಾಫ್ಟ್‌ವೇರ್ ಸುತ್ತಿ ಇನ್ನೊಮ್ಮೆ ಬರುತ್ತಿದೆ ಎಂದು ತಿಳಿದು ಒಂದನ್ನು ಬಂದ್ ಮಾಡಬೇಕು.

ಎಲ್ಲಕ್ಕಿಂತ ಹೆಚ್ಚು ಜನರನ್ನು ಕಾಡುವುದು ತಡ. ಟ್ರ್ಯಾಕ್ ಹಾಕಿಕೊಂಡು ಹಾಡುತ್ತಾರೆ, ಹಾಡುವಾಗ ಎಲ್ಲ ಸರಿಯಾಗಿಯೇ ಇದೆ ಎನಿಸುತ್ತದೆ. ಮರಳಿ ಕೇಳಿದರೆ ದನಿ ತಾಳದ ಹಿಂದೆ ಎಳೆದುಕೊಂಡು ಬರುತ್ತಿರುತ್ತದೆ. ಹಾಡುಗಾರ ತನ್ನ ಲಯವೇ ಕೆಟ್ಟಿದೆ ಎಂದು ಎದೆಗುಂದುತ್ತಾನೆ. ಲಯ ಕೆಟ್ಟಿಲ್ಲ. ಕಂಪ್ಯೂಟರು ದನಿಯನ್ನು ಹನಿಹನಿಯಾಗಿ ಸಾಗಿಸುವುದಿಲ್ಲ, ಸ್ವಲ್ಪ ಸ್ವಲ್ಪ ಕೂಡಿಹಾಕಿ ಕಂತಿನಲ್ಲಿ ಸಾಗಿಸುತ್ತದೆ. ಆ ಕಂತಿಗೆ ಬಫರ್ ಎಂದು ಹೆಸರು. ಸೆಕೆಂಡಿಗೆ 48,000 ಮಾದರಿಗಳ ಲೆಕ್ಕದಲ್ಲಿ 256 ಮಾದರಿಗಳ ಬಫರ್ ಇಟ್ಟರೆ ಒಂದು ಕಂತಿಗೆ ಸುಮಾರು 5 ಮಿಲಿಸೆಕೆಂಡು. 1024 ಇಟ್ಟರೆ 21 ಮಿಲಿಸೆಕೆಂಡು. ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಒಮ್ಮೆ ಈ ತಡ ಆಗುತ್ತದೆ, ಅದರ ಮೇಲೆ ಯಂತ್ರದ ಸ್ವಂತ ತಡ ಬೇರೆ. ಆದ್ದರಿಂದ ಹಾಡುವಾಗ ಬಫರ್ ಚಿಕ್ಕದಿರಬೇಕು. ತೀರ ಚಿಕ್ಕದಾದರೆ ಕಂಪ್ಯೂಟರಿಗೆ ಏದುಸಿರು ಬಂದು ದನಿಯಲ್ಲಿ ಚಟಪಟ ಸದ್ದು ಏಳುತ್ತದೆ. ಹಾಡುವಾಗ 128 ಅಥವಾ 256, ಹಾಡೆಲ್ಲ ಮುಗಿದು ಮಿಕ್ಸಿಂಗಿಗೆ ಕೂತಾಗ 1024 ಎಂಬುದು ಬಹಳ ಜನ ಪಾಲಿಸುವ ಲೆಕ್ಕ. ವಿಂಡೋಸಿನ ಮಾಮೂಲಿ ದಾರಿ ಬಿಟ್ಟು ಹತ್ತಿರದ ದಾರಿಯಲ್ಲಿ ದನಿ ಸಾಗಿಸಲು ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ಏಸಿಯೊ ಎಂಬ ಡ್ರೈವರ್ ಪದ್ಧತಿ ತಂದಿತು. ಇಂಟರ್‌ಫೇಸ್ ಕೊಂಡವರು ಅದರ ಕಂಪನಿಯ ಏಸಿಯೊ ಡ್ರೈವರನ್ನೇ ಹಾಕಿಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲ ಮಾಡಿಯೂ ತಡ ಹೋಗದಿದ್ದರೆ ಕಿವಿಯ ಕಡೆ ನೋಡಬೇಕು. ಅಲ್ಲಿರುವುದು ಬ್ಲೂಟೂತ್ ಆಗಿದ್ದರೆ ಬೇರೆ ಕಾರಣ ಹುಡುಕುವುದೇ ಬೇಡ. ಬ್ಲೂಟೂತ್ ಇಯರ್‌ಫೋನುಗಳ ತಡ ಹಲವು ಸಲ 200 ಮಿಲಿಸೆಕೆಂಡಿನವರೆಗೆ ಹೋಗುತ್ತದೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಅಂದರೆ ಅದು 68 ಮೀಟರ್ ಆಚೆ ಕೂತ ತಬಲಾದವನ ಜೊತೆ ಹಾಡಿದ ಲೆಕ್ಕ. ಇನ್ನೂ ಒಂದು ಕೇಡು ಇದೆ: ಬ್ಲೂಟೂತಿನ ಮೈಕನ್ನೂ ಚಾಲೂ ಮಾಡಿದ ಕೂಡಲೇ ಅದು ಫೋನ್ ಕರೆಯ ದರ್ಜೆಗೆ ಇಳಿದು, ಕೇಳುವ ಸಂಗೀತವೂ ಕಳೆಗೆಡುತ್ತದೆ. ಇನ್ನೂರು ರೂಪಾಯಿಯ ವೈರಿನ ಇಯರ್‌ಫೋನ್ ಈ ಕೆಲಸಕ್ಕೆ ಎರಡು ಸಾವಿರದ ಬ್ಲೂಟೂತಿಗಿಂತ ಮೇಲು.

ಆಡಾಸಿಟಿಯಲ್ಲಿ ಈ ತಡವನ್ನು ಅಳೆದು ತಿದ್ದುವ ದಾರಿ ಇದೆ. ಅದರಲ್ಲೇ ಒಂದು ಟಿಕ್ ಟಿಕ್ ತಾಳದ ಟ್ರ್ಯಾಕ್ ಹುಟ್ಟಿಸಿ, ಇಯರ್‌ಫೋನನ್ನು ಮೈಕಿನ ಬಾಯಿಗೆ ಒತ್ತಿಹಿಡಿದು ಎರಡನೇ ಟ್ರ್ಯಾಕಿನಲ್ಲಿ ಆ ಸದ್ದನ್ನೇ ರೆಕಾರ್ಡ್ ಮಾಡಬೇಕು. ದೊಡ್ಡದು ಮಾಡಿ ನೋಡಿದರೆ ಮೇಲಿನ ಟಿಕ್ಕಿಗೂ ಕೆಳಗಿನ ಟಿಕ್ಕಿಗೂ ನಡುವಿನ ಅಂತರ ಕಣ್ಣಿಗೆ ಕಾಣುತ್ತದೆ. ಆ ಅಂತರವನ್ನು ಸೆಟ್ಟಿಂಗಿನ ಲೇಟೆನ್ಸಿ ಲೆಕ್ಕಕ್ಕೆ ಸೇರಿಸಿದರೆ ಮುಂದಿನ ಹಾಡು ತಾಳದ ಮೇಲೇ ಕೂರುತ್ತದೆ. ಅಲ್ಲಿ ಮೊದಲೇ ಇರುವ ಅಂಕಿ ಮೈನಸ್ 130 ಮಿಲಿಸೆಕೆಂಡು. ಅದು ಒಂದು ಅಂದಾಜು ಅಷ್ಟೆ, ಎಲ್ಲ ಲ್ಯಾಪ್‌ಟಾಪಿಗೂ ಹೊಂದಬೇಕೆಂದಿಲ್ಲ.

ತಾಳದ ಮಾತಾಯಿತು, ಇನ್ನು ಸ್ವರ. ಹಾರ್ಮೋನಿಯಂ ಹಿಡಿದು ಕಪ್ಪು ಒಂದರಲ್ಲಿ ಹಾಡಿದ್ದು, ಕೇಳುವಾಗ ಬಿಳಿ ಎರಡಕ್ಕೂ ಕಪ್ಪು ಎರಡಕ್ಕೂ ನಡುವೆ ಎಲ್ಲೋ ಕೇಳುತ್ತದೆ. ಯಾವ ಪಟ್ಟಿಗೂ ಸೇರದ ಶ್ರುತಿ. ಮೂರು ನಿಮಿಷದ ಹಾಡು ಹದಿನೈದು ಸೆಕೆಂಡು ಬೇಗ ಮುಗಿಯುತ್ತದೆ. ಇದು 44,100 ಮತ್ತು 48,000 ಎಂಬ ಎರಡು ಅಂಕಿಗಳ ಜಗಳ. ಸಿಡಿಯ ಕಾಲದಿಂದ ಸಂಗೀತಕ್ಕೆ ಸೆಕೆಂಡಿಗೆ 44,100 ಮಾದರಿ, ವಿಡಿಯೊಗೆ 48,000. ಮೊದಲ ಲೆಕ್ಕದಲ್ಲಿ ಹಿಡಿದದ್ದನ್ನು ಎರಡನೆಯ ಲೆಕ್ಕದಲ್ಲಿ ಓಡಿಸಿದರೆ ವೇಗ ನೂರಕ್ಕೆ ಸುಮಾರು 9ರಷ್ಟು ಏರಿ, ಶ್ರುತಿ ಒಂದೂವರೆ ಮನೆ ಮೇಲೆ ಹೋಗುತ್ತದೆ. ಸಾಫ್ಟ್‌ವೇರ್, ವಿಂಡೋಸಿನ ಸೌಂಡ್ ಸೆಟ್ಟಿಂಗ್, ಇಂಟರ್‌ಫೇಸ್ ಮೂರರಲ್ಲೂ ಒಂದೇ ಅಂಕಿ ಇಟ್ಟರೆ ಜಗಳವಿಲ್ಲ. ಯೂಟ್ಯೂಬಿಗೆ ವಿಡಿಯೊ ಮಾಡುವವರು ಮೊದಲ ದಿನದಿಂದಲೇ 48,000 ಇಟ್ಟುಕೊಳ್ಳುವುದು ಲೇಸು.

ನಮ್ಮ ಸಂಗೀತಕ್ಕೆ ಹೆಚ್ಚು ಪೆಟ್ಟು ಕೊಡುವ, ಆದರೆ ಇಂಗ್ಲಿಷ್ ಕೈಪಿಡಿಗಳು ಅಷ್ಟಾಗಿ ಮಾತಾಡದ ತೊಂದರೆಯೊಂದಿದೆ. ಭಜನೆಯ ರೆಕಾರ್ಡಿಂಗಿನಲ್ಲಿ ಹಾರ್ಮೋನಿಯಂ ಸ್ವರ ಹಿಡಿದ ಎರಡೇ ಕ್ಷಣಕ್ಕೆ ಕರಗಿಹೋಗುತ್ತದೆ. ತಂಬೂರಿಯ ಶ್ರುತಿ ಇದ್ದೂ ಇಲ್ಲದಂತಾಗುತ್ತದೆ. ಹಾಡುಗಾರ ಉಸಿರು ತೆಗೆದುಕೊಂಡಾಗೆಲ್ಲ ಹಿನ್ನೆಲೆ ಉಬ್ಬಿ, ಹಾಡಿದಾಗ ಕುಗ್ಗುತ್ತದೆ. ಕಾರಣ ಇಷ್ಟೆ. ಫೋನು, ಲ್ಯಾಪ್‌ಟಾಪುಗಳ ಮೈಕುಗಳನ್ನು ಮಾತಿಗೆಂದು ಹದಮಾಡಿರುತ್ತಾರೆ. ಏಕಸಮ ಸದ್ದು ಬಂದರೆ ಅದು ಫ್ಯಾನು ಎಂದು ತಿಳಿದು ಅಳಿಸುವ ವ್ಯವಸ್ಥೆ ಅವುಗಳೊಳಗೆ ಇರುತ್ತದೆ. ಆ ಯಂತ್ರದ ಕಿವಿಗೆ ಶ್ರುತಿಯೂ ಫ್ಯಾನೂ ಒಂದೇ. ವಿಂಡೋಸಿನಲ್ಲಿ ಮೈಕಿನ ಸೆಟ್ಟಿಂಗಿಗೆ ಹೋಗಿ 'ಆಡಿಯೊ ಎನ್‌ಹಾನ್ಸ್‌ಮೆಂಟ್ಸ್' ಎಂಬುದನ್ನು ಬಂದ್ ಮಾಡಬೇಕು. ಫೋನಿನಲ್ಲಾದರೆ ದನಿಯನ್ನು ತಿದ್ದದೆ ಇದ್ದಂತೆ ಹಿಡಿಯುವ ರೆಕಾರ್ಡಿಂಗ್ ಆ್ಯಪ್ ಹುಡುಕಿಕೊಳ್ಳಬೇಕು. ಹಾಡು ಹಿಡಿಯುವ ಯಂತ್ರಕ್ಕೆ ಶ್ರುತಿ ಬೇಡವಾದ ಸದ್ದಾಗಿ ಕಾಣುವುದು ನಿಜಕ್ಕೂ ಬೇಸರದ ಸಂಗತಿ. ಶ್ರುತಿಯ ಮೇಲೆಯೇ ನಿಂತ ಸಂಗೀತದ ನಾಡಿನಲ್ಲಿ ಫೋನ್ ಮಾರುವವರು ಇದನ್ನು ಗಮನಿಸಬೇಕಿತ್ತು.

ಹಾಗೆಂದು ಬೇಡದ ಸದ್ದು ಇಲ್ಲವೇ ಇಲ್ಲ ಎಂದಲ್ಲ. ರಬಕವಿ-ಬನಹಟ್ಟಿಯ ನೇಕಾರರ ಓಣಿಯಲ್ಲಿ ಹಾಡು ಹಿಡಿಯಲು ಕೂತವರಿಗೆ ಪವರ್‌ಲೂಮಿನ ಸದ್ದು ಗೋಡೆ ದಾಟಿ ಬರುತ್ತದೆ. ಅದಕ್ಕೆ ಯಾವ ಸಾಫ್ಟ್‌ವೇರೂ ಪೂರ್ತಿ ಮದ್ದಲ್ಲ. ಕರೆಂಟು ಹೋದಾಗ ಹಾಡುವುದು ಒಂದು ಉಪಾಯ: ಮಗ್ಗ ನಿಲ್ಲುತ್ತದೆ, ಫ್ಯಾನು ನಿಲ್ಲುತ್ತದೆ, ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತದೆ. ಚಾರ್ಜರಿನ ಮೂಲಕ ನುಸುಳುವ ಗುಂಯ್‌ಗುಡುವಿಕೆಯೂ ಆಗ ಇರುವುದಿಲ್ಲ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸಲ ಮಿಡಿಯುವುದರಿಂದ ಆ ಗುಂಯ್ ಸದ್ದು 50, 100, 150 ಹರ್ಟ್ಜ್‌ಗಳಲ್ಲಿ ಕೂತಿರುತ್ತದೆ. ಚಾರ್ಜರ್ ಕಿತ್ತು ನೋಡಿದಾಗ ಅದು ಹೋದರೆ ತಪ್ಪು ಮೈಕಿನದಲ್ಲ. ಆಗ ಮನೆಯ ಅರ್ಥಿಂಗ್ ಸರಿ ಇದೆಯೇ ಎಂದು ಎಲೆಕ್ಟ್ರಿಷಿಯನ್ನಿಗೆ ತೋರಿಸಬೇಕು.

ಉಳಿದ ಸಣ್ಣ ಸದ್ದಿಗೆ ಆಡಾಸಿಟಿಯ ನಾಯ್ಸ್ ರಿಡಕ್ಷನ್ ಇದೆ. ಹಾಡು ಶುರುವಾಗುವ ಮೊದಲು ಐದಾರು ಸೆಕೆಂಡು ಯಾರೂ ಉಸಿರೆತ್ತದೆ ಕೂತು ಕೋಣೆಯ ಸದ್ದನ್ನಷ್ಟೇ ಹಿಡಿದಿಟ್ಟಿದ್ದರೆ, ಆ ತುಣುಕನ್ನು ತೋರಿಸಿ 'ಇದನ್ನು ತೆಗೆ' ಎನ್ನಬಹುದು. ಅತಿಯಾದರೆ ಹಾಡಿದ ದನಿಯೂ ನೀರೊಳಗೆ ಮುಳುಗಿದಂತೆ ಕೇಳುತ್ತದೆ.

ಡೊಳ್ಳು, ಹಲಗಿ ಹಿಡಿಯುವವರಿಗೆ ಬೇರೊಂದು ಎಚ್ಚರಿಕೆ ಬೇಕು. ಡಿಜಿಟಲ್ ಮೀಟರಿನಲ್ಲಿ ಸೊನ್ನೆಯೇ ಛಾವಣಿ. ಸದ್ದು ಅದಕ್ಕೆ ತಾಗಿದರೆ ಅಲೆಯ ತಲೆ ಕತ್ತರಿಸಿಹೋಗುತ್ತದೆ, ಹೋದದ್ದನ್ನು ಪೂರ್ತಿ ಮರಳಿ ತರುವ ಗುಂಡಿ ಎಲ್ಲೂ ಇಲ್ಲ. ಜೋರಾದ ಪೆಟ್ಟು ಬಿದ್ದಾಗಲೂ ಮೀಟರು ಮೈನಸ್ 12ರ ಆಸುಪಾಸಿನಲ್ಲಿ ನಿಲ್ಲುವಂತೆ ಮೊದಲೇ ಇಟ್ಟುಕೊಳ್ಳಬೇಕು. ಮೆಲ್ಲಗೆ ಬಂದ ದನಿಯನ್ನು ಆಮೇಲೆ ಏರಿಸಬಹುದು. 24 ಬಿಟ್ ಲೆಕ್ಕದಲ್ಲಿ ಹಿಡಿದರೆ ಹಾಗೆ ಏರಿಸಿದಾಗಲೂ ಕೊಸರು ಸದ್ದು ಅಷ್ಟಾಗಿ ಕಾಡುವುದಿಲ್ಲ.

ಹಾಡೇ ಕಳೆದುಹೋಗುವುದು ಎಲ್ಲಕ್ಕಿಂತ ದೊಡ್ಡ ನೋವು. ಎಫ್ಎಲ್ ಸ್ಟುಡಿಯೋದ ಉಚಿತ ಟ್ರಯಲ್‌ನಲ್ಲಿ ಪ್ರಾಜೆಕ್ಟ್ ಉಳಿಸಬಹುದು, ಆದರೆ ಲೈಸೆನ್ಸ್ ಕೊಳ್ಳುವವರೆಗೆ ಅದನ್ನು ಮತ್ತೆ ತೆರೆಯಲು ಬರುವುದಿಲ್ಲ. ಇದು ತಿಳಿಯದೆ ರಾತ್ರಿಯೆಲ್ಲ ಕೂತು ಮಾಡಿದ ಕೆಲಸ ಬೆಳಗ್ಗೆ ತೆರೆಯದಿದ್ದಾಗ ಹೊಸಬರು ಕಂಗಾಲಾಗುತ್ತಾರೆ. ಹಳೆಯ ಆಡಾಸಿಟಿಯಲ್ಲಿ ಪ್ರಾಜೆಕ್ಟ್ ಫೈಲ್ ಬೇರೆ, ದನಿ ಇರುವ ಫೋಲ್ಡರ್ ಬೇರೆ. ಪೆನ್‌ಡ್ರೈವಿಗೆ ಫೈಲನ್ನಷ್ಟೇ ಹಾಕಿಕೊಂಡು ಹೋದವರು ಬರಿಗೈಯಲ್ಲಿ ಹೋದಂತೆ. 2021ರ ಮಾರ್ಚಿನಲ್ಲಿ ಬಂದ 3.0 ಆವೃತ್ತಿಯಿಂದ ಅದರಲ್ಲಿ ಎಲ್ಲವೂ ಒಂದೇ ಫೈಲಿನೊಳಗೆ ಇರುತ್ತದೆ. ಬೇರೆ ಹಲವು ಸಾಫ್ಟ್‌ವೇರುಗಳಲ್ಲಿ ಇಂದಿಗೂ ಎರಡೂ ಬೇರೆಬೇರೆಯೇ. ಇಡೀ ಫೋಲ್ಡರನ್ನೇ ಒಯ್ಯಬೇಕು. ಕದ್ದ ಸಾಫ್ಟ್‌ವೇರಿನ ವಿಷಯದಲ್ಲಿ ಒಂದೇ ಮಾತು: ಪುಕ್ಕಟೆಯಾಗಿ, ನ್ಯಾಯವಾಗಿ ಸಿಗುವ ಒಳ್ಳೆಯವು ಇರುವಾಗ ವೈರಸ್ ಹೊತ್ತು ತರುವ ಕ್ರ್ಯಾಕ್ ಕಾಪಿಗೆ ಕೈಹಾಕುವುದು ಬೇಡ. ನಡುವೆ ಅದು ಕೈಕೊಟ್ಟರೆ ಸಹಾಯಕ್ಕೆ ಯಾರೂ ಬರುವುದಿಲ್ಲ.

ಸಹಾಯ ಕೇಳುವಾಗಲೂ ಕೇಳುವ ರೀತಿಯಿದೆ. "ಸರ, ದನಿ ಬರವಲ್ದು" ಎಂದು ಒಂದೇ ಸಾಲು ಕಳಿಸಿದರೆ ತಿಳಿದವರೂ ಏನು ಹೇಳಬೇಕು? ಯಾವ ಲ್ಯಾಪ್‌ಟಾಪ್, ಯಾವ ಮೈಕ್, ಹೇಗೆ ಸಿಕ್ಕಿಸಿದ್ದು, ಸಾಫ್ಟ್‌ವೇರಿನ ಹೆಸರು ಮತ್ತು ಆವೃತ್ತಿ, ಸಾದಾ ರೆಕಾರ್ಡರಿನಲ್ಲಿ ದನಿ ಬರುತ್ತದೋ ಇಲ್ಲವೋ, ನಿನ್ನೆ ಸರಿ ಇದ್ದು ಇಂದು ಕೆಟ್ಟಿದ್ದರೆ ನಡುವೆ ಏನು ಬದಲಾಯಿತು ಎಂಬುದನ್ನೆಲ್ಲ ಬರೆದು, ಪರದೆಯ ಒಂದು ಫೋಟೊ ಜೊತೆಗಿಟ್ಟರೆ ದೂರದಲ್ಲಿ ಕೂತವರೂ ದಾರಿ ತೋರಿಸಬಲ್ಲರು. ಬರೆಯುತ್ತ ಹೋದಂತೆ ಉತ್ತರ ತಾನಾಗಿ ಹೊಳೆಯುವುದೂ ಉಂಟು.

ಭಾರತದ ಮೊದಮೊದಲ ಗ್ರಾಮಫೋನ್ ದನಿಗಳಲ್ಲಿ ಒಂದಾದ ಗೌಹರ್ ಜಾನ್, 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತನ ಯಂತ್ರದೆದುರು ಹಾಡಿದಾಗ, ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಹೇಳಿ ಮುಗಿಸಿದಳು. ತಟ್ಟೆಗಳು ಅಚ್ಚಾಗುತ್ತಿದ್ದದ್ದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಯಾರ ದನಿ ಯಾವುದು ಎಂದು ಗೊತ್ತಾಗಬೇಕಿತ್ತು. ಆ ರೂಢಿ ಇಂದಿಗೂ ಬೇಕು. ಮನೆಯಲ್ಲಿ ಅಜ್ಜಿಯ ಸೋಬಾನೆಯನ್ನೋ, ಓಣಿಯ ಹಿರಿಯರ ಗೀಗೀ ಪದವನ್ನೋ ಹಿಡಿಯಲು ಕೂತವರು ಮೊದಲಿಗೆ ಹಾಡುವವರ ಹೆಸರು, ಊರು, ತಾರೀಖು ಅವರ ಬಾಯಿಂದಲೇ ಹೇಳಿಸಲಿ. ಹಿಡಿದ ಮೂಲ ದನಿಯನ್ನು ತಿದ್ದದೆ, ಎಂಪಿ3 ಮಾಡದೆ, ವೇವ್ ಫೈಲಾಗಿಯೇ ಎರಡು ಬೇರೆ ಬೇರೆ ಜಾಗಗಳಲ್ಲಿ ಇಡಲಿ. ಎಕೊ, ಮಿಕ್ಸಿಂಗ್ ಎಲ್ಲ ಅದರ ನಕಲಿನ ಮೇಲೆ ಮಾಡಿದರೆ ಸಾಕು.